ಕೊಟ್ಟ ಕಾಲಾಳಿಗೆ ಸಿಕ್ಕಿದ್ದೇನು?

ರಾತ್ರಿ ಊಟ ಆದ್ಮೇಲೆ ಹಾಸ್ಟೆಲಲ್ಲಿ ಚೆಸ್ ಬೋರ್ಡ್ ಸುತ್ತ ಕೂರುವ ನಮಗೆಲ್ಲ ಒಂದು ಮಾತು ಬಾಯಿಪಾಠ: "ಒಂದ್ ಕಾಲಾಳು ತಾನೆ, ಹೋಗ್ಲಿ ಬಿಡೋ, ಅಟ್ಯಾಕ್ ಇದೆ!" ಇಪ್ಪತ್ತು ನಡೆ ಕಳೆದ ಮೇಲೆ ನೋಡಿದ್ರೆ ಅಟ್ಯಾಕೂ ಇಲ್ಲ, ಕಾಲಾಳೂ ಇಲ್ಲ. ಇದಕ್ಕೆ ನಾವು ತ್ಯಾಗ ಅಂತೀವಿ. ಸರಿಯಾದ ಹೆಸರು ನಷ್ಟ.

ಹಾಗಾದರೆ ಕಾಲಾಳು ಕೊಡಲೇಬಾರದಾ? ಬೆಂಕೊ ಗ್ಯಾಂಬಿಟ್ ನೋಡಿ. 1. ಡಿ4, ಕುದುರೆ ಎಫ್6; 2. ಸಿ4, ಸಿ5, 3. ಡಿ5, ಬಿ5. ಬಿಳಿ ಬಿ5 ಹೊಡೆದರೆ ಕಪ್ಪು ಎ6 ಆಡಿ ಮತ್ತೆ ಕರೆಯುತ್ತದೆ. ಬಿಳಿ ಅದನ್ನೂ ಹೊಡೆದರೆ ಒಂಟೆಯಿಂದ ಎ6 ವಾಪಸ್. ಲೆಕ್ಕಕ್ಕೆ ಒಂದು ಕಾಲಾಳು ಕಡಿಮೆ.

ಸಿಕ್ಕಿದ್ದನ್ನು ಪಟ್ಟಿ ಮಾಡೋಣ. ಎ, ಬಿ ಎರಡೂ ಫೈಲ್‌ಗಳು ಕಪ್ಪಿನ ಆನೆಗಳಿಗೆ ತೆರೆದಿವೆ. ಜಿ7ಕ್ಕೆ ಬರುವ ಒಂಟೆ ನೇರ ಬಿ2 ಕಡೆ ನೋಡುತ್ತದೆ. ಎ6ರ ಒಂಟೆ ಇರುವಾಗ ಬಿಳಿ ಸುಮ್ಮನೆ ಇ4 ತಳ್ಳಿದರೆ, ಎಫ್1ರಲ್ಲಿ ಒಂಟೆಗಳು ಬದಲಾಗಿ ರಾಜನಿಗೆ ಕ್ಯಾಸ್ಲಿಂಗ್ ತಪ್ಪುತ್ತದೆ. ಕಪ್ಪಿನ ಆರೂ ಕಾಲಾಳುಗಳು ಒಂದೇ ಗುಂಪು. ಬಿಳಿಯವು ಎರಡು ಗುಂಪು, ಅದರಲ್ಲಿ ಎ2, ಬಿ2 ಸದಾ ಗುರಿ. ಎಲ್ಲಕ್ಕಿಂತ ಮುಖ್ಯವಾಗಿ, ರಾಣಿಗಳು ಬದಲಾದರೂ ಈ ಒತ್ತಡ ಕರಗುವುದಿಲ್ಲ. ಬೇರೆ ಗ್ಯಾಂಬಿಟ್‌ಗಳಿಗೆ ಈ ಭಾಗ್ಯ ಕಡಿಮೆ.

ಮೊನ್ನೆ ನಾವು ಇದನ್ನೇ ಆಡಿ ಸೋತೆವು. ಎಂಜಿನ್‌ಗೆ ಹಾಕಿದರೆ ಶುರುವಿನಿಂದಲೇ ಬಿಳಿಗೆ ಮೇಲುಗೈ ಎಂದಿತು. "ಓಪನಿಂಗೇ ಸರಿ ಇಲ್ಲ ಗುರು" ಅಂತ ಬೋರ್ಡ್ ಮಡಚಿದೆವು. ಮರುದಿನ ಆಟ ತಿರುವಿ ಹಾಕಿದಾಗ ನಾಚಿಕೆ ಆಯ್ತು. ಬಿ ಫೈಲಿಗೆ ಹೋಗಬೇಕಿದ್ದ ಆನೆ ಎಫ್8ರಲ್ಲೇ ಕೂತಿತ್ತು. ನಾವು ಮಾತ್ರ ಇನ್ನೊಂದು ಕಡೆ ಮೇಟ್ ಹುಡುಕುತ್ತಾ ಕುದುರೆ ಓಡಿಸುತ್ತಿದ್ದೆವು. ಕಾಲಾಳು ಕೊಟ್ಟು ಕೊಂಡ ಸಾಮಾನನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆವು!

ಎಂಜಿನ್ ಸುಳ್ಳು ಹೇಳಲ್ಲ ನಿಜ. ಬಿಳಿಗೂ ದಾರಿಗಳಿವೆ: 5ನೇ ನಡೆಯಲ್ಲಿ ಕಾಲಾಳನ್ನು ಬಿ6ಕ್ಕೆ ತಳ್ಳಿ ವಾಪಸ್ ಕೊಟ್ಟು, ಎ ಫೈಲ್ ತೆರೆಯದಂತೆ ನೋಡಿಕೊಳ್ಳಬಹುದು. ಆದರೆ ಎಂಜಿನ್ ಕೊಡುವ ಅಂಕಿ ಎರಡೂ ಕಡೆ ತಪ್ಪೇ ಮಾಡದವರ ಆಟಕ್ಕೆ. ಗಡಿಯಾರ ಓಡುತ್ತಿರುವಾಗ ಎ2, ಬಿ2 ಕಾಯುತ್ತಾ ಕೂರುವುದು ನಮ್ಮಂಥವರಿಗೆ ಸುಲಭವಲ್ಲ. ನಮ್ಮ ಮಟ್ಟದಲ್ಲಿ ಪರಿಹಾರ ಉಂಟು, ಅದನ್ನು ವಸೂಲಿ ಮಾಡಲು ಗೊತ್ತಿದ್ದರೆ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟೇ. ಕಾಲಾಳು ಬಿಡುವ ಮುಂಚೆ ಏನು ಸಿಗುತ್ತದೆ ಅಂತ ಮೂರು ಸಾಲು ಹೇಳಲು ಬರಬೇಕು; ಬರದಿದ್ದರೆ ಕೊಡಬೇಡಿ. ಪ್ರಾಜೆಕ್ಟ್ ಹೆಸರಲ್ಲಿ ಇಂಟರ್ನಲ್ಸ್ ಬಿಡುವ ನಮಗೆ ಈ ಪ್ರಶ್ನೆ ಬೋರ್ಡಿನ ಆಚೆಗೂ ಬೇಕು. ಪ್ರಾಜೆಕ್ಟ್ ಓಡಿತಾ? ಇಲ್ಲ ಆನೆ ಇನ್ನೂ ಎಫ್8ರಲ್ಲೇ ಇದೆಯಾ?