777 ಹಾಕಿ ಕೈತೊಳೆದುಕೊಳ್ಳೋ ಚಾಳಿ

'ಪರ್ಮಿಷನ್ ಡಿನೈಡ್' ಅಂತ ಟರ್ಮಿನಲ್‌ನಲ್ಲಿ ಬಂದ ಕೂಡಲೇ ನಮ್ಮ ಕ್ಯಾಂಪಸ್‌ನಲ್ಲಿ ಎಲ್ಲರಿಗೂ ಗೊತ್ತಿರೋ ಮದ್ದು ಒಂದೇ: 777. ಎರರ್ ಹೋಗುತ್ತೆ, ಔಟ್‌ಪುಟ್ ಬರುತ್ತೆ, ರೆಕಾರ್ಡ್‌ಗೆ ಸೈನ್ ಬೀಳುತ್ತೆ. ಕೈಯಾರೆ ಒಂದು ಸಲ ಹೊಡೆದರೆ ಅದು ಆ ಒಂದು ಮಷಿನ್‌ನ ಮಾತು. ಅದೇ ಸಾಲು ಪ್ರೋಗ್ರಾಂ ಒಳಗೆ ಸೇರಿಕೊಂಡರೆ, ಕೋಡ್ ಓಡಿದ ಕಡೆಯೆಲ್ಲ ಬಾಗಿಲು ತೆಗೆದುಕೊಂಡೇ ಹೋಗುತ್ತೆ. ಜೂನಿಯರ್ಸ್ ಅದನ್ನೇ ಕಾಪಿ ಹೊಡೀತಾರೆ. ನಮ್ಮ ತಕರಾರು ಇರೋದು ಇಲ್ಲಿ.

ಓದೋಕೆ 4, ಬರೆಯೋಕೆ 2, ಎಕ್ಸಿಕ್ಯೂಟ್‌ಗೆ 1. ಮೂರೂ ಸೇರಿ 7. ಮಾಲೀಕನಿಗೊಂದು, ಗ್ರೂಪ್‌ಗೊಂದು, ಉಳಿದವರಿಗೊಂದು. ಇಷ್ಟು ಎಲ್ಲರೂ ಬಾಯಿಪಾಠ ಮಾಡಿರ್ತೀವಿ. ಆದರೆ ಫೋಲ್ಡರ್ ವಿಷಯದಲ್ಲಿ ಇವುಗಳ ಅರ್ಥವೇ ಬೇರೆ. ಅಲ್ಲಿ ಎಕ್ಸಿಕ್ಯೂಟ್ ಅಂದ್ರೆ ಒಳಗೆ ಕಾಲಿಡೋ ಹಕ್ಕು. ಬರೆಯೋ ಹಕ್ಕು ಜೊತೆಗಿದ್ದರೆ ಒಳಗಿರೋ ಫೈಲ್ ಅಳಿಸಬಹುದು, ಆ ಫೈಲ್ ಬೇರೆಯವರದ್ದಾಗಿದ್ದರೂ ಸರಿ! ಎಲ್ಲರೂ ಬರೆಯೋ ಟಿಎಂಪಿ ಫೋಲ್ಡರ್‌ಗೆ 1777 ಅಂತ ಸ್ಟಿಕಿ ಬಿಟ್ ಹಾಕಿರೋದು ಇದನ್ನ ತಡೆಯೋಕೇ.

777 ಹಾಕಿದ ಮಾತ್ರಕ್ಕೆ ಇಂಟರ್ನೆಟ್‌ನಲ್ಲಿರೋರೆಲ್ಲ ಒಳಗೆ ನುಗ್ಗಲ್ಲ, ನಿಜ. ಆದರೆ ಡಿಪಾರ್ಟ್‌ಮೆಂಟ್ ಸರ್ವರ್ ಒಂದೇ, ಲಾಗಿನ್ ಹಲವು. ಫೆಸ್ಟ್ ರಿಜಿಸ್ಟ್ರೇಷನ್‌ಗೆ ಅಂತ ಹುಡುಗರು ಬರೆಯೋ ಸೈಟ್‌ನ ಅಪ್‌ಲೋಡ್ ಫೋಲ್ಡರ್‌ನಲ್ಲಿ ಇರೋದು ಐಡಿ ಕಾರ್ಡ್, ಫೋಟೋ, ಪೇಮೆಂಟ್ ಸ್ಕ್ರೀನ್‌ಶಾಟ್. ನಂಬಿ ಕೊಟ್ಟವರ ಸ್ವತ್ತು ಅದು.

ಅಸಲಿ ರೋಗ ಬಹುತೇಕ ಬೇರೆಯೇ ಇರುತ್ತೆ. ಉಬುಂಟುನಲ್ಲಿ ಅಪಾಚೆ ಓಡೋದು 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ' ಅನ್ನೋ ಯೂಸರ್ ಹೆಸರಲ್ಲಿ, ಫೋಲ್ಡರ್ ಇರೋದು ನಮ್ಮ ಹೆಸರಲ್ಲಿ. ಮಾಲೀಕನನ್ನ ಬದಲಾಯಿಸಿದರೆ 700 ಸಾಕು. ಪ್ರಾಜೆಕ್ಟ್ ಟೀಮ್ ಹಂಚಿಕೊಳ್ಳೋ ಫೋಲ್ಡರ್ ಆದರೆ ಒಂದು ಗ್ರೂಪ್ ಮಾಡಿ 2770 ಕೊಡಿ. ಮುಂದಿನ 2 ಇದ್ದರೆ ಒಳಗೆ ಹುಟ್ಟೋ ಹೊಸ ಫೈಲ್‌ಗಳೂ ಅದೇ ಗ್ರೂಪ್‌ಗೆ ಸೇರುತ್ತವೆ.

ಪೈಥಾನ್‌ನಲ್ಲಂತೂ ಇನ್ನೊಂದು ತಮಾಷೆ. ಸಿಎಚ್‌ಮಾಡ್ ಫಂಕ್ಷನ್‌ಗೆ ಬರೀ 777 ಕೊಟ್ಟರೆ ಅದು ದಶಮಾಂಶ ಸಂಖ್ಯೆ. ಆಕ್ಟಲ್‌ನಲ್ಲಿ ಅದು 1411. ಅಂದ್ರೆ ಮಾಲೀಕನಿಗೆ ಓದೋ ಹಕ್ಕು ಮಾತ್ರ, ತನ್ನ ಫೋಲ್ಡರ್‌ಗೆ ತಾನೇ ಕಾಲಿಡೋ ಹಾಗಿಲ್ಲ. ಊರವರು ಮಾತ್ರ ಒಳಗೆ ಹಾದುಹೋಗಬಹುದು. ಆಕ್ಟಲ್ ಅಂತ ತಿಳಿಸೋಕೆ ಮುಂದೆ ಸೊನ್ನೆ ಮತ್ತು ಇಂಗ್ಲಿಷ್ 'ಓ' ಬೇಕು. ಅದನ್ನ ಹಾಕಿ ಫೋಲ್ಡರ್ ಹುಟ್ಟಿಸುವಾಗ 777 ಕೇಳಿದರೂ ಸಿಗೋದು 755, ಯಾಕಂದ್ರೆ ನಡುವೆ ಯುಮಾಸ್ಕ್ 022 ಕತ್ತರಿ ಹಾಕುತ್ತೆ. ಸಿಸ್ಟಮ್ ನಮಗೆ ಹೇಳ್ತಿರೋ ಬುದ್ಧಿಮಾತು ಅದು. ಅದನ್ನ ದಾಟೋಕೆ ಅಂತಲೇ ಮುಂದಿನ ಸಾಲಲ್ಲಿ ಮತ್ತೆ ಸಿಎಚ್‌ಮಾಡ್ ಬರೆಯೋರಿದ್ದಾರೆ! ಹುಟ್ಟಿಸುವಾಗಲೇ 700 ಕೊಟ್ಟುಬಿಟ್ಟರೆ, ಹುಟ್ಟಿಗೂ ಬೀಗಕ್ಕೂ ನಡುವೆ ಬಾಗಿಲು ತೆರೆದಿರೋ ಗಳಿಗೆಯೂ ಉಳಿಯಲ್ಲ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬರೆದು ಲಿನಕ್ಸ್ ಸರ್ವರ್‌ಗೆ ಹಾಕೋರು ಗಮನಿಸಿ. ವಿಂಡೋಸ್‌ನಲ್ಲಿ ಫೋಲ್ಡರ್‌ನ ನಿಜವಾದ ಬೀಗ ಎಸಿಎಲ್. ಅದಕ್ಕೆ ಐಕ್ಯಾಕಲ್ಸ್ ಬೇಕು, ಇಲ್ಲಾ ಡಾಟ್‌ನೆಟ್‌ನ ಡೈರೆಕ್ಟರಿ ಸೆಕ್ಯುರಿಟಿ ಕ್ಲಾಸ್. ಪೈಥಾನ್ ಸಿಎಚ್‌ಮಾಡ್‌ಗೆ ಅಲ್ಲಿ ಎಟುಕೋದು ರೀಡ್-ಓನ್ಲಿ ಗುರುತು ಮಾತ್ರ. ನಿಮ್ಮ ಮಷಿನ್‌ನಲ್ಲಿ 'ಸರಿಯಾಗಿ ಓಡಿತು' ಅನ್ನೋದು ಬೀಗ ಬಿತ್ತು ಅನ್ನೋದಕ್ಕೆ ಸಾಕ್ಷಿ ಅಲ್ಲ.

ಲ್ಯಾಬ್‌ನಲ್ಲಿ ಮಾರ್ಕ್ಸ್ ಇರೋದು ಔಟ್‌ಪುಟ್‌ಗೆ ಮಾತ್ರ, ಹಾಗಾಗಿ ಯಾರೂ ಇದರ ತಂಟೆಗೆ ಹೋಗಲ್ಲ. ಮಿನಿ ಪ್ರಾಜೆಕ್ಟ್ ಡೆಮೊದಲ್ಲಿ ಗೈಡ್‌ಗಳು ಸೈಟ್ ನೋಡೋಕೆ ಮುಂಚೆ ಅಪ್‌ಲೋಡ್ ಫೋಲ್ಡರ್ ಮೇಲೆ 'ಎಲ್‌ಎಸ್ ಮೈನಸ್ ಎಲ್‌ಡಿ' ಹೊಡೆಸಲಿ, ಆ ಒಂಬತ್ತು ಅಕ್ಷರ ಯಾಕೆ ಹಾಗಿವೆ ಅಂತ ಕೇಳಲಿ. ಅದಕ್ಕೆ ಎರಡು ಮಾರ್ಕ್ಸ್ ಇಟ್ಟರೂ ಸಾಕು.