ಅಚ್ಚಿನ ಅರಮನೆಗೆ ಅಂಜಬೇಕೆ?

ನವರಾತ್ರಿಯ ಬೊಂಬೆಸಾಲಿನಲ್ಲಿ ಪಟ್ಟದ ಬೊಂಬೆಗಳ ಪಕ್ಕಕ್ಕೆ ಈಗೀಗ ಪ್ಲಾಸ್ಟಿಕ್ಕಿನ ಅರಮನೆಯೂ ಬಂದು ಕೂರತೊಡಗಿದೆ. ಕಂಪ್ಯೂಟರಿನಲ್ಲಿ ರೂಪ ಬರೆದು, ತ್ರೀ-ಡಿ ಪ್ರಿಂಟರಿನಲ್ಲಿ ಅಚ್ಚಿಳಿಸಿದ ಮಾದರಿ ಅದು. ನಮ್ಮ ಮೈಸೂರಿನ ಕೆಲವು ರಸಿಕರು ಅದನ್ನು ಕಂಡು ಮೂಗು ಮುರಿಯುತ್ತಾರೆ. "ಗುಂಡಿ ಒತ್ತಿದರಾಯಿತು, ಇದೂ ಒಂದು ಕಲೆಯೆ?" ಎನ್ನುತ್ತಾರೆ. ಬಿಡುವಿನ ವೇಳೆಯಲ್ಲಿ ಈ ವಿದ್ಯೆಯನ್ನು ಕಲಿಯುತ್ತಿರುವ ಕನ್ನಡ ಮೇಷ್ಟರಾದ ನಾನು ಈ ಮಾತನ್ನು ಒಪ್ಪಲಾರೆ.

ಮೊದಲು ಅರಮನೆಯನ್ನೇ ಸಾಕ್ಷಿಗೆ ಕರೆಯೋಣ. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ನರ ನಕ್ಷೆಯಂತೆ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಅದರ ಕಲ್ಯಾಣಮಂಟಪದ ಕಂಬಗಳನ್ನು ಯಾವ ಶಿಲ್ಪಿಯೂ ಉಳಿ ಹಿಡಿದು ಕೆತ್ತಲಿಲ್ಲ. ಅವು ಗ್ಲಾಸ್ಗೋದ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು. ಅವನ್ನು ನೋಡಿ ತಲೆದೂಗುವವರು ಅದೇ ಅರಮನೆಯ ಅಚ್ಚಿನ ಮಾದರಿಯನ್ನು ಕಂಡು ಹುಬ್ಬು ಗಂಟಿಕ್ಕುವುದು ಯಾವ ನ್ಯಾಯ?

ಇನ್ನು ಗುಂಡಿಯ ಮಾತು. ಗೋಪುರದ ಎತ್ತರ ಸುಮಾರು 145 ಅಡಿ. 200ರಲ್ಲಿ ಒಂದು ಪಾಲಿಗೆ ಇಳಿಸಿದರೆ 22 ಸೆಂಟಿಮೀಟರ್. ಆ ಲೆಕ್ಕದಲ್ಲಿ ಒಂದಂಗುಲದ ಸರಳು ಮಿಲಿಮೀಟರಿನ ಎಂಟನೆಯ ಒಂದು ಭಾಗವಾಗುತ್ತದೆ. ಕರಗಿದ ಪ್ಲಾಸ್ಟಿಕ್ ಇಳಿಯುವ ಪ್ರಿಂಟರಿನ ಮೂತಿಯ ರಂಧ್ರವೇ ಸಾಮಾನ್ಯವಾಗಿ 0.4 ಮಿಲಿಮೀಟರ್! ಯಾವ ಸರಳನ್ನು ದಪ್ಪಮಾಡಬೇಕು, ಯಾವುದನ್ನು ಬಿಡಬೇಕು, ಎಷ್ಟು ಬಿಟ್ಟರೂ ನೋಡಿದವರಿಗೆ ಅರಮನೆಯೆಂದೇ ಅನ್ನಿಸಬೇಕು? ಇದನ್ನು ಯಂತ್ರ ಹೇಳಿಕೊಡದು. ಪದರದ ಮೇಲೆ ಪದರವಾಗಿ ಏರುವ ಕೆಲಸವಾದ್ದರಿಂದ, ಹೊರಚಾಚಿದ ಸಜ್ಜೆಗೆ ಕೆಳಗಿನಿಂದ ಆಸರೆ ಕೊಡದಿದ್ದರೆ ಅದು ಜೋತುಬೀಳುತ್ತದೆ. ಆಮೇಲೆ ಆ ಆಸರೆಯನ್ನು ಕಿತ್ತು, ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಹಚ್ಚಬೇಕಾದದ್ದು ಕೈಯೇ.

ಹಾಗೆಂದು ಎಲ್ಲರನ್ನೂ ಹೊಗಳಲಾರೆ. ಅಂತರಜಾಲದಲ್ಲಿ ಯಾರೋ ಬರೆದಿಟ್ಟ ರೂಪವನ್ನು ಇಳಿಸಿಕೊಂಡು, ಅಚ್ಚುಹಾಕಿ, "ನಾನೇ ಮಾಡಿದೆ" ಎಂದು ಬೀಗುವವರೂ ಇದ್ದಾರೆ. ಪರರ ಪದ್ಯವನ್ನು ನಕಲು ಮಾಡಿದ ವಿದ್ಯಾರ್ಥಿಯನ್ನು ಕವಿಯೆನ್ನುತ್ತೇವೆಯೆ? ಇವರಿಗೂ ಅಷ್ಟೇ ಅಂಕ. ಆದರೆ ಈ ದೋಷ ಯಂತ್ರದ್ದಲ್ಲ. ಅಂಗಡಿಯಿಂದ ತಂದ ಬೊಂಬೆಯನ್ನು ಸ್ವಂತ ಕೆಲಸವೆಂದು ತೋರಿಸುವವರು ಪ್ರಿಂಟರು ಬರುವ ಮೊದಲೂ ಇದ್ದರು.

ನನ್ನ ಭಯವೇ ಬೇರೆ. ಹಿರಿಯರ ತಾತ್ಸಾರಕ್ಕೆ ಅಂಜಿ ಹುಡುಗರು ಕಲಿಯುವುದನ್ನು ಬಿಟ್ಟರೆ, ಈ ಊರನ್ನು ಕಣ್ಣಿಟ್ಟು ನೋಡುವವರೂ ಕಡಿಮೆಯಾಗುತ್ತಾರೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಉರುಳಿತು. ದಿನವೂ ಅವುಗಳ ಕೆಳಗೆ ಓಡಾಡಿದ ನಮ್ಮಲ್ಲಿ ಎಷ್ಟು ಮಂದಿ ಆ ಕಮಾನುಗಳನ್ನು ನೆನಪಿನಿಂದ ಬರೆದು ತೋರಿಸಬಲ್ಲೆವು? ಮಾದರಿ ಮಾಡುವ ಹುಡುಗ ಕಮಾನನ್ನು ಎಣಿಸಬೇಕು, ಅಳೆಯಬೇಕು, ಅದು ಹೇಗೆ ನಿಂತಿದೆಯೆಂದು ಅರಿಯಬೇಕು. ಅಳತೆಯ ಪಟ್ಟಿ ಹಿಡಿದು ಬೀದಿಗೆ ಇಳಿದ ಆ ಹುಡುಗನನ್ನು ಯಂತ್ರದ ದಾಸನೆಂದು ಹಳಿಯುವ ಮೊದಲು, ಪಟ್ಟಿಯ ಇನ್ನೊಂದು ತುದಿಯನ್ನು ನಮ್ಮ ರಸಿಕರು ಹಿಡಿದುಕೊಂಡರೆ ಸಾಕು.