ಗಾಯಕನಿಗೆ ರಿಯಾಯಿತಿ
ಎಸ್.ಎಲ್. ಭೈರಪ್ಪನವರಿಗೆ 2010ರ ಸರಸ್ವತಿ ಸಮ್ಮಾನ ತಂದ ‘ಮಂದ್ರ’ ಕಾದಂಬರಿಯ ಗಾಯಕ ಮೋಹನಲಾಲ ವೇದಿಕೆಯ ಮೇಲೆ ರಾಗಕ್ಕೆ ನಿಷ್ಠ, ಕೆಳಗಿಳಿದರೆ ತನ್ನನ್ನು ನಂಬಿದ ಹೆಂಗಸರ ಪಾಲಿಗೆ ವಂಚಕ. ಹಾಡು ಚೆನ್ನಾಗಿದ್ದರೆ ಸಾಕು, ಉಳಿದದ್ದು ನಮಗೇಕೆ ಎನ್ನುವವರಿದ್ದಾರೆ. ಚಿತ್ರಕಲೆಯ ಮಟ್ಟಿಗೆ ಒಪ್ಪಬಹುದೇನೋ. ಮುಗಿದ ಚಿತ್ರಕ್ಕೆ ಚಿತ್ರಕಾರ ಬೇಕಿಲ್ಲ. ಹಿಂದುಸ್ತಾನಿ ಸಂಗೀತ ಹಾಗಲ್ಲ: ಗುರುವಿನೆದುರು ವರ್ಷಗಟ್ಟಲೆ ಕೂತು ಕಲಿಯುವ ವಿದ್ಯೆಯದು, ಕಲಿಯುವವರ ನಂಬಿಕೆಯೇ ಅದರ ಬಂಡವಾಳ. ಶಿಷ್ಯೆ ಮಧುಮಿತೆಯ ವಿಷಯದಲ್ಲಿ ಮೋಹನಲಾಲ ಕೈಹಾಕುವುದು ಆ ನಂಬಿಕೆಗೇ. ಹಾಗಾದರೆ ಕಲಾವಿದ ಸಂತನಾಗಬೇಕೆ? ಬೇಡ. ಅಂಧ ಮಕ್ಕಳಿಗೆ ಅನ್ನವಿಟ್ಟು ಸ್ವರ ಕಲಿಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ಅಳತೆಗೋಲನ್ನು ಎಲ್ಲರಿಗೂ ಹಿಡಿಯಲಾಗದು. ಆದರೆ ಕಲಿಯಲು ಬಂದವರಿಗೆ ಮೋಸ ಮಾಡದಿರುವುದು ಸಂತತನವಲ್ಲ, ಕಸುಬಿನ ಕನಿಷ್ಠ ಕಟ್ಟಳೆ. ಮೋಹನಲಾಲನ ಕೊರಗನ್ನು ಓದುವಾಗಲೂ ಅನುಮಾನವೇ: ಅದು ಆ ಹೆಂಗಸರಿಗಾಗಿಯೋ, ತನ್ನ ಗಾಯನಕ್ಕಾಗಿಯೋ?